ಗುಳ್ಳೆಯೆದ್ದ ಗೋಡೆ

ಕದ್ರಿಯ ನಮ್ಮ ಮನೆಯ ಗೋಡೆಯಲ್ಲಿ ಇಂದು ಬಣ್ಣ ಗುಳ್ಳೆಯೆದ್ದಿತ್ತು. ಬೆರಳಿನಿಂದ ಒತ್ತಿದೊಡನೆ ಒಳಗಿನ ಗಾರೆ ಒದ್ದೆ ಹಿಟ್ಟಿನಂತೆ ಉದುರಿತು.

ಗೇಣು ದೂರದಲ್ಲಿಯೇ ಸ್ವಿಚ್ ಬೋರ್ಡ್ ಇದ್ದುದರಿಂದ ಮೊದಲು ಮೈನ್ ಸ್ವಿಚ್ ಆರಿಸಿದೆ.

ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ ಎಂದು ಮಂಗಳೂರಿನವರಾದ ನಾವು ಸುಮ್ಮನಿರುತ್ತೇವೆ. ಆದರೆ ಇಲ್ಲಿ ಗೋಡೆ ಕಟ್ಟಲು ಬಳಸುವ ಕೆಂಪು ಮುರಕಲ್ಲಿನಲ್ಲಿ ರಂಧ್ರಗಳು ಹೆಚ್ಚಿರುವುದರಿಂದ, ನೀರು ಹೊಕ್ಕ ಕಡೆಯೇ ಕಲೆ ಕಾಣಿಸಬೇಕೆಂದಿಲ್ಲ. ಒದ್ದೆ ಉಳಿದರೆ 24ರಿಂದ 48 ಗಂಟೆಗಳಲ್ಲಿ ಬೂಸ್ಟು ಬೆಳೆಯತೊಡಗಬಹುದು.

ತಾರಸಿಯ ವಿಷಯ ಇನ್ನೂ ಗಂಭೀರವಾದದ್ದು: ಬಿರುಕಿನಲ್ಲಿ ಇಳಿದ ನೀರು ಕಬ್ಬಿಣದ ಸರಳಿಗೆ ತಗಲಿದರೆ, ಸರಳಿಗಿಂತ ಹೆಚ್ಚು ಜಾಗ ಬೇಡುವ ತುಕ್ಕು ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ; ಕಡಲ ಗಾಳಿಯ ಉಪ್ಪು ಅದಕ್ಕೆ ಇಂಬು ಕೊಡುತ್ತದೆ.

ಸೋರುವ ಜಾಗ ಹುಡುಕದೆ ಮೇಲಿಂದ ಬಣ್ಣ ಬಳಿಸುವುದು, ನನ್ನ ಮಟ್ಟಿಗೆ, ದುಡ್ಡು ದಂಡ.