ಹೈಲಕ್ಸ್ ಮೂತಿ ಎತ್ತೋ ಕೆಲಸ: ಸ್ಪ್ರಿಂಗಾ, ಸ್ಪೇಸರ್ರಾ?

ನಮ್ಮ ಟೊಯೋಟಾ ಹೈಲಕ್ಸ್ ಪಿಕಪ್‌ಗೆ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯೋ ಹಗ್ಗದ ಯಂತ್ರ) ಕೂರ್ಸಿದ ಮೇಲೆ ಮೂತಿ ಕೂತಿದೆ, ಅದನ್ನ ಎತ್ತೋಕೆ ಅಳತೆ ತಗೊಂಡಿದ್ದಾಯ್ತು. ಚಕ್ರದ ಹಬ್ ಮಧ್ಯದಿಂದ ನೆಟ್ಟಗೆ ಮೇಲೆ ಫೆಂಡರ್ ಅಂಚಿನವರೆಗೆ ಮುಂದೆ 490 ಮಿಲಿಮೀಟರ್, ಹಿಂದೆ 545. ವಿಂಚ್ ಕೂರ್ಸೋಕ್ ಮುಂಚೆ ಬರೆದಿಟ್ಟಿದ್ದು ಮುಂದೆ 505, ಹಿಂದೆ 541. ನೆಲದಿಂದ ಯಾಕೆ ಅಳೀಲಿಲ್ಲ ಅಂತ ಕೇಳ್ತೀರ, ನೆಲದಿಂದ ಅಳೆದ್ರೆ ಟೈರ್ ಸವೆದಿರೋದು, ಗಾಳಿ ಕಮ್ಮಿ ಇರೋದು ಎಲ್ಲಾ ಲೆಕ್ಕದೊಳಗೆ ಸೇರ್ಕೊಳ್ಳುತ್ತೆ, ಹಬ್‌ನಿಂದ ಅಳೆದ್ರೆ ಸಸ್ಪೆನ್ಷನ್ ಎಷ್ಟು ಕೂತಿದೆ ಅನ್ನೋದು ಮಾತ್ರ ಗೊತ್ತಾಗುತ್ತೆ.

ಮುಂದಿನ ಬಂಪರ್ ಹಿಂದೆ ಒಳಗಡೆ ಕೂರೋ ಪ್ಲೇಟು, ಅದರ ಮೇಲೆ ವಿಂಚ್, ಎರಡೂ ಸೇರಿ ಸುಮಾರು 60 ಕೆಜಿ. ಆದ್ರೆ ಅದು ಮುಂದಿನ ಆಕ್ಸಲ್‌ಗಿಂತ ಸುಮಾರು ಮುಕ್ಕಾಲು ಮೀಟರ್ ಮುಂದಕ್ಕೆ ನೇತಾಡ್ತಿರೋದ್ರಿಂದ ಮುಂದಿನ ಚಕ್ರಗಳ ಮೇಲೆ ಬೀಳೋದು 60 ಅಲ್ಲ, 75ರ ಹತ್ರ, ಆ ಜಾಸ್ತಿ 15 ಕೆಜಿ ಹಿಂದಿನ ಚಕ್ರದ ಮೇಲಿಂದ ಇಳಿದು ಬಂದಿರೋದು (ಗಾಡಿ ವೀಲ್‌ಬೇಸ್ 3085 ಮಿಲಿಮೀಟರ್, ಲೆಕ್ಕ ಬೇಕಾದ್ರೆ ನೀವೇ ಹಾಕ್ಕೊಳಿ). ಅದಕ್ಕೇ ಮುಂದೆ ಒಂದೂವರೆ ಸೆಂಟಿಮೀಟರ್ ಕೂತು ಹಿಂದೆ ಸ್ವಲ್ಪ ಎದ್ದಿದೆ. ನೋಡೋಕೆ ಹೋರಿ ಗುಮ್ಮೋಕೆ ತಲೆ ತಗ್ಗಿಸ್ಕೊಂಡು ನಿಂತಂಗಿದೆ.

ಈಗ ಎತ್ತಬೇಕು. ಎಷ್ಟು ಎತ್ತಬೇಕು ಅನ್ನೋದೇ ಮೊದಲನೇ ತಕರಾರು.

ಅಂತರ್ಜಾಲದಲ್ಲಿ ನೋಡಿದ್ರೆ ಎಲ್ಲರೂ ಮುಂದೆ ಹಿಂದೆ ಸಮ ಮಾಡೋದೇ ಲೆವೆಲಿಂಗ್ ಅಂತಾರೆ, ಸ್ಪಿರಿಟ್ ಲೆವೆಲ್ ಇಟ್ರೆ ಗುಳ್ಳೆ ಮಧ್ಯಕ್ಕೆ ಬರಬೇಕು ಅನ್ನೋ ಥರ. ಅಮೆರಿಕದಲ್ಲಿ ಹಿಂದೆ ಖಾಲಿ ಬಿಟ್ಕೊಂಡು ಆಫೀಸಿಗೆ ಓಡ್ಸೋರಿಗೆ ಅದು ಸರಿ ಇರಬಹುದು. ನಮ್ದು ಮೂಡಿಗೆರೆ ಕಡೆ ತೋಟದ ಗಾಡಿ. ಹಿಂದೆ ಲೀಫ್ ಸ್ಪ್ರಿಂಗ್ ಕೊಟ್ಟು ಎತ್ತರಕ್ಕೆ ಇಟ್ಟಿರೋದೇ ಲೋಡ್ ಬಿದ್ದಾಗ ಕೂತು ಸಮ ಆಗ್ಲಿ ಅಂತ. 50 ಕೆಜಿಯ ಪಾರ್ಚ್‌ಮೆಂಟ್ ಕಾಫಿ ಮೂಟೆ ಎಂಟು ಹೇರಿ ಅಳೆದ್ರೆ ಹಿಂದೆ 545 ಇದ್ದಿದ್ದು 490ರ ಆಸುಪಾಸಿಗೆ ಇಳಿಯುತ್ತೆ. ಖಾಲಿ ಇದ್ದಾಗ್ಲೇ ಸಮ ಮಾಡ್ಬಿಟ್ರೆ ಲೋಡ್ ಹೇರಿದಾಗ ಮೂತಿ ಆಕಾಶ ನೋಡುತ್ತೆ, ರಾತ್ರಿ ಚಾರ್ಮಾಡಿ ಇಳಿಯುವಾಗ ಎದುರಿಂದ ಬರೋನ ಕಣ್ಣಿಗೆ ಲೈಟ್ ನೇರ ಹೊಡೆಯುತ್ತೆ, ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಸ್ಟೀರಿಂಗ್ ಹಗುರ ಅನ್ಸುತ್ತೆ. ಹಂಗಾಗಿ ನಾನು ಇಟ್ಕೊಂಡ ಗುರಿ ಮುಂದೆ 525, ಅಂದ್ರೆ 35 ಮಿಲಿಮೀಟರ್ ಎತ್ತೋದು, ಹಿಂದೆ ಇನ್ನೂ 20 ಎತ್ತರ ಉಳಿಯುತ್ತೆ, ಅದು ಉಳೀಲೇಬೇಕು.

ಭಾವನ ಗಾಡಿ, ಅಂದ್ರೆ ಸ್ಪೇಸರ್ ಪ್ರಯೋಗಶಾಲೆ

ನನ್ನ ಅದೃಷ್ಟಕ್ಕೆ ಭಾವನ ಹತ್ರಾನೂ ಇದೇ ಗಾಡಿ ಇದೆ, ಅವರು ಸ್ಪೇಸರ್, ಅಂದ್ರೆ ಎತ್ತರಕ್ಕೆ ಅಂತ ನಡುವೆ ಇಡೋ ಗಟ್ಟಿ ಬಿಲ್ಲೆ, ಹಾಕ್ಸಿದಾರೆ. ಹಾಸನದಲ್ಲಿ ಲೇತ್‌ನಲ್ಲಿ ಅಲ್ಯೂಮಿನಿಯಂ ಗಟ್ಟಿ ತಿರುಗಿಸಿ ಮಾಡ್ಸಿದ್ದು, 25 ಮಿಲಿಮೀಟರ್ ದಪ್ಪ, ಕೆಲಸ ಚೆನ್ನಾಗೇ ಇದೆ, ಅಂಚು ನುಣ್ಣಗೆ, ತೂತುಗಳು ಸರಿಯಾದ ಜಾಗದಲ್ಲಿ. ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗೆ ಇರೋ ಕಂಬ) ಬಿಚ್ಚಿ ಅದರ ತಲೆ ಮೇಲೆ ಇದನ್ನ ಕೂರ್ಸಿ ವಾಪಸ್ ಚಾಸಿಗೆ ಬಿಗಿಯೋದು, ಅಷ್ಟೇ. ಸ್ಪ್ರಿಂಗ್ ಮುಟ್ಟೋ ಹಂಗೇ ಇಲ್ಲ. ಖರ್ಚು ಕೆಲವು ಸಾವಿರ, ಅರ್ಧ ದಿನದ ಕೆಲಸ.

25 ಹಾಕಿದ್ರೆ 25 ಎದ್ದೇಳಬೇಕಲ್ವಾ? ಎದ್ದಿದ್ದು 47. ಯಾಕಂದ್ರೆ ಸ್ಟ್ರಟ್ ಕೂತಿರೋದು ಚಕ್ರದ ಹತ್ರ ಅಲ್ಲ, ಚಕ್ರನ ಚಾಸಿಗೆ ಸೇರ್ಸೋ ಕೆಳಗಿನ ಆರ್ಮ್‌ನ ಹೆಚ್ಚುಕಮ್ಮಿ ಮಧ್ಯದಲ್ಲಿ. ಅಲ್ಲಿ ಒಂದು ಇಂಚು ತಳ್ಳಿದ್ರೆ ಆರ್ಮ್ ತುದೀಲಿ ಚಕ್ರ ಎರಡಿಂಚಿನ ಹತ್ರ ಇಳಿಯುತ್ತೆ. ಮುಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್) ಇರೋ ಬಹುತೇಕ ಪಿಕಪ್‌ಗಳ ಕಥೆ ಇದೇ, ಎರಡಿಂಚು ಬೇಕು ಅಂತ ಎರಡಿಂಚಿನ ಸ್ಪೇಸರ್ ಹಾಕ್ಸಿದೋರು ಆಮೇಲೆ ಆಕ್ಸಲ್ ಕೀಲು ಮುಚ್ಚೋ ರಬ್ಬರ್ ಬೂಟ್ ಹರ್ಕೊಂಡು ಕೂತಿರ್ತಾರೆ.

ಭಾವನ ಗಾಡಿ ಡಾಂಬರ್ ರೋಡಲ್ಲಿ ಓಡ್ಸಿದ್ರೆ ಏನೂ ವ್ಯತ್ಯಾಸ ಇಲ್ಲ, ನಿಜವಾಗ್ಲೂ ಇಲ್ಲ. ಮೇಲಿನ ಸ್ಪೇಸರ್‌ನಲ್ಲಿ ಸ್ಪ್ರಿಂಗ್ ಅದೇ, ಭಾರ ಅದೇ, ಸ್ಪ್ರಿಂಗ್ ಅದುಮಿರೋದೂ ಅಷ್ಟೇ, ಹಂಗಾಗಿ ರೈಡ್ ಕಂಪನಿದೇ ರೈಡ್. ಸ್ಪೇಸರ್ ಹಾಕಿದ್ರೆ ಗಾಡಿ ಗಟ್ಟಿ ಆಗುತ್ತೆ ಅಂತ ಹೇಳೋರು ಬೇರೆ ಥರದ ಸ್ಪೇಸರ್ ಬಗ್ಗೆ ಹೇಳ್ತಿರ್ತಾರೆ, ಸ್ಟ್ರಟ್ ಒಳಗೆ ಸ್ಪ್ರಿಂಗ್ ಮೇಲೆ ಕೂರೋದು, ಪ್ರಿಲೋಡ್ ಸ್ಪೇಸರ್ ಅಂತಾರೆ. ಅದ್ರಲ್ಲಿ ಶಾಕ್ ಅಬ್ಸಾರ್ಬರ್ ಮೊದಲಿಗಿಂತ ಜಾಸ್ತಿ ಚಾಚ್ಕೊಂಡು ನಿಲ್ಲುತ್ತೆ, ಚಕ್ರ ಹಳ್ಳಕ್ಕೆ ಇಳಿಯೋಕೆ ಉಳಿದಿರೋ ಜಾಗ ಕಮ್ಮಿ, ಸಣ್ಣ ಗುಂಡಿಗೂ ಶಾಕ್ ಪೂರ್ತಿ ಚಾಚಿ ಟಕ್ ಅಂತ ಬಡಿಯುತ್ತೆ. ಅದನ್ನೇ ಗಟ್ಟಿ ಅಂತ ಅನ್ಕೊಳ್ಳೋದು.

ಮೇಲಿನ ಸ್ಪೇಸರ್ ತೊಂದ್ರೆ ಕೊಡೋದು ಎರಡೂ ತುದೀಲಿ. ಭಾವನ ಗಾಡಿಗೆ ಜಾಕ್ ಹಾಕಿ ಚಕ್ರ ನೇತಾಡೋಕೆ ಬಿಟ್ಟು ಟಾರ್ಚ್ ಹಿಡ್ದು ನೋಡಿದ್ವಿ: ಮೇಲಿನ ಆರ್ಮ್‌ಗೂ ಸ್ಪ್ರಿಂಗ್‌ಗೂ ನಡುವೆ ಕಿರುಬೆರಳು ತೂರೋಷ್ಟೂ ಜಾಗ ಇಲ್ಲ, ಆರ್ಮ್ ಒಳಮೈಲಿ ಪೇಂಟ್ ಹೋಗಿ ಒಂದು ಗೆರೆ ಹೊಳೀತಿದೆ, ಆಕ್ಸಲ್‌ನ ರಬ್ಬರ್ ಬೂಟ್ ಮಡಿಕೆಗಳು ಒಂದು ಕಡೆ ಒಂದಕ್ಕೊಂದು ಉಜ್ಜುತ್ತಿವೆ. ತೋಟದ ರಸ್ತೇಲಿ ಮಳೆನೀರು ಹೊರಳಿಸೋಕೆ ಅಡ್ಡ ಚರಂಡಿ ಹೊಡೆದಿರ್ತೀವಲ್ಲ, ಅದನ್ನ ಸ್ವಲ್ಪ ವೇಗವಾಗಿ ದಾಟಿದಾಗ ಬರ್ತಿದ್ದ ಟಣ್ ಶಬ್ದ ಇದೇ. ಇನ್ನೊಂದು ತುದಿ, ಗಾಡಿ ಜೋರಾಗಿ ಕೂತಾಗ. ಸ್ಟ್ರಟ್ ತಲೆ 25 ಮಿಲಿಮೀಟರ್ ಕೆಳಗೆ ಬಂದಿರೋದ್ರಿಂದ ಆರ್ಮ್ ಹೋಗಿ ಬಂಪ್ ಸ್ಟಾಪ್ ಅನ್ನೋ ರಬ್ಬರ್ ತಡೆಗೆ ತಾಗೋಕೆ ಮುಂಚೆನೇ ಶಾಕ್ ಒಳಗೆ ತಳ ಮುಟ್ಟೋ ಸಾಧ್ಯತೆ ಇದೆ, ರಬ್ಬರ್ ತಿನ್ನಬೇಕಾದ ಹೊಡೆತ ಶಾಕ್ ತಿನ್ನುತ್ತೆ.

"ಹಂಗಾದ್ರೆ ಬಿಚ್ಚಿ ಬಿಸಾಕೋದಾ?" ಅಂದ್ರು ಭಾವ. ಅದಕ್ಕೆ ಆಮೇಲೆ ಬರ್ತೀನಿ.

ಯಾಕೆ ಸ್ಪ್ರಿಂಗ್

ನನ್ನ ಗಾಡಿಗೂ ಸ್ಪೇಸರ್ ಹಾಕಿ 35 ಎತ್ತಬಹುದು, ಹೊರಗಿಂದ ನೋಡೋರಿಗೆ ಎರಡೂ ಒಂದೇ. ಆದ್ರೆ ವಿಂಚ್ ಭಾರಕ್ಕೆ ನನ್ನ ಸ್ಟ್ರಟ್ ಆಗಲೇ ಏಳೆಂಟು ಮಿಲಿಮೀಟರ್ ಒಳಗೆ ಕೂತಿದೆಯಲ್ಲ, ಸ್ಪೇಸರ್ ಹಾಕಿದ್ರೆ ಅದು ಕೂತಲ್ಲೇ ಇರುತ್ತೆ, ಬಾಡಿ ಮಾತ್ರ ಮೇಲೆ ಹೋಗುತ್ತೆ. ಶಾಕ್ ಅದುಮೋಕೆ ಇದ್ದ ಜಾಗ ವಿಂಚ್ ಒಂದಷ್ಟು ತಿಂದಿದೆ, ಸ್ಪೇಸರ್ ಅದನ್ನ ವಾಪಸ್ ಕೊಡಲ್ಲ. ಭಾರ ಜಾಸ್ತಿ ಮಾಡಿದೀನಿ ಅಂದ್ರೆ ಹೊರೋದನ್ನೇ ಬದಲಾಯಿಸ್ಬೇಕು, ಬೇರೆ ದಾರಿ ಇಲ್ಲ ಅನ್ನೋದು ನನ್ನ ಲೆಕ್ಕ.

ಹಂಗಂತ ಸ್ಪ್ರಿಂಗ್ ಹಾಕಿದ್ರೆ ಎಲ್ಲಾ ಸರಿ ಹೋಯ್ತು ಅಂತಲೂ ಅಲ್ಲ. ಉದ್ದದ ಸ್ಪ್ರಿಂಗ್ ತಂದು ಕಂಪನಿ ಶಾಕ್ ಮೇಲೇ ಕೂರ್ಸಿದ್ರೆ ಅದು ಪ್ರಿಲೋಡ್ ಸ್ಪೇಸರ್‌ನ ಅಣ್ಣ, ಶಾಕ್ ಚಾಚ್ಕೊಂಡೇ ನಿಂತಿರುತ್ತೆ, ಟಕ್ ಟಕ್ ತಪ್ಪಲ್ಲ. ಮೇಲೆ ಗಟ್ಟಿ ಸ್ಪ್ರಿಂಗ್ ಎದ್ದು ಬರೋದನ್ನ ಹಿಡಿಯೋ ತಾಕತ್ತು ಕಂಪನಿ ಶಾಕ್‌ಗೆ ಇರಲ್ಲ, ಹಂಪ್ ದಾಟಿದ ಮೇಲೆ ಮೂತಿ ಇನ್ನೆರಡು ಸಲ ಕುಣಿಯುತ್ತೆ. ಅದಕ್ಕೇ ಸ್ವಲ್ಪ ಉದ್ದದ ಶಾಕ್ ಜೊತೆ ಸೆಟ್ಟಾಗಿ ತಗೋಬೇಕು, ದುಡ್ಡು ಅಲ್ಲೇ ಹೋಗೋದು, ಸೆಟ್ ಅಂದ್ರೆ ಲಕ್ಷದ ಮಾತು. ಗಾಡಿ ಜೋಡ್ಸೋದು ನಮ್ಮ ಬಿಡದಿಲೇ ಆದ್ರೂ ಇಂಥ ಸಾಮಾನು ಜಾಸ್ತಿ ಬರೋದು ಆಸ್ಟ್ರೇಲಿಯಾ, ಥಾಯ್ಲೆಂಡ್ ಕಡೆಯಿಂದ.

ಆರಿಸುವಾಗ ಎತ್ತರಕ್ಕಿಂತ ಭಾರ ಮುಖ್ಯ. ಒಂದೇ ಗಾಡಿಗೆ ಮುಂದೆ ಏನೂ ಹಾಕದೇ ಇರೋರಿಗೆ ಒಂದು ಸ್ಪ್ರಿಂಗ್, ಬುಲ್ ಬಾರ್ (ಮೂತಿ ಮುಂದೆ ಹಾಕೋ ಲೋಹದ ಗಾರ್ಡ್) ಇರೋರಿಗೆ ಒಂದು, ಬುಲ್ ಬಾರ್ ಜೊತೆ ವಿಂಚ್ ಇರೋರಿಗೆ ಒಂದು ಅಂತ ಬರುತ್ತೆ. ಅಂಗಡಿಯೋರು ಕಣ್ಣು ಮುಚ್ಕೊಂಡು ಹೆವಿ ತಗೊಳ್ಳಿ ಅಂತಾರೆ, ಭಾರ ಇಲ್ದೆ ಹೆವಿ ಹಾಕಿದ್ರೆ ಸ್ಪ್ರಿಂಗ್ ಅದುಮೋದೇ ಇಲ್ಲ, ಹೇಳಿದ್ದಕ್ಕಿಂತ ಜಾಸ್ತಿ ಎದ್ದೇಳುತ್ತೆ, ಸೊಂಟ ಹೋಗುತ್ತೆ. ನಂದು 60 ಕೆಜಿ, ಹಂಗಾಗಿ ನಡುವಿಂದು ತಗೊಂಡೆ. ವಿಂಚ್‌ಗೆ ಸ್ಟೀಲ್ ಹಗ್ಗದ ಬದಲು ಸಿಂಥೆಟಿಕ್ ಹಾಕಿದ್ರೆ ಇನ್ನೂ ಒಂದಷ್ಟು ಕೆಜಿ ಇಳಿಯುತ್ತೆ, ಅದು ಪಟ್ಟೀಲಿದೆ.

ಬುಲ್ ಬಾರ್ ಯಾಕಿಲ್ಲ ಅಂದ್ರೆ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಎಲ್ಲಾ ರಾಜ್ಯಗಳಿಗೆ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕ್ಸಿದೋರ ಮೇಲೆ ಕ್ರಮ ತಗೊಳ್ಳಿ ಅಂತ ಬರೆದಿದೆ. ಗಾಡಿ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇದೆ, 2019ರ ಜನವರಿಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಸ್ಪೆಸಿಫಿಕೇಷನ್ ಬದಲಾಯಿಸೋ ಹಂಗಿಲ್ಲ ಅಂದಿದೆ. ಸಸ್ಪೆನ್ಷನ್ ಮುಟ್ಟೋರು ಸ್ಪೇಸರ್ ಆಗ್ಲಿ ಸ್ಪ್ರಿಂಗ್ ಆಗ್ಲಿ ಇದನ್ನ ತಲೇಲಿಟ್ಕೊಂಡೇ ಕೈ ಹಾಕಿ, ವಾರಂಟಿ ಮತ್ತೆ ಇನ್ಶೂರೆನ್ಸ್ ಬೇರೆ. ಬಿಚ್ಚಿದ ಕಂಪನಿ ಸ್ಟ್ರಟ್‌ಗಳನ್ನ ಗುಜರಿಗೆ ಕೊಡ್ಬೇಡಿ, ಎಣ್ಣೆ ಸವರಿ ಎತ್ತಿಡಿ.

ಬಿಚ್ಚಿದ್ದು, ಕೂರ್ಸಿದ್ದು

ಹಿಂದಿನ ರಾತ್ರಿನೇ ಎಲ್ಲಾ ಬೋಲ್ಟ್‌ಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ಟಿದ್ದೆ, ಮುಖ್ಯವಾಗಿ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ಗೆ (ತಿರುಗಿಸಿ ಚಕ್ರದ ಕೋನ ಹೊಂದಿಸೋದು), ಮಲೆನಾಡಿನ ಮಳೇಲಿ ಓಡಿದ ಗಾಡಿಗಳಲ್ಲಿ ಅದು ಬುಷ್ ಒಳಗೇ ಕಚ್ಕೊಂಡಿರುತ್ತೆ, ಅದು ತಿರುಗ್ಲಿಲ್ಲ ಅಂದ್ರೆ ಆಮೇಲೆ ಅಲೈನ್‌ಮೆಂಟ್ ಮಾಡೋಕೇ ಆಗಲ್ಲ. ಮೇಸ್ತ್ರಿ ಬಂದು ಜಾಕ್ ಹಾಕಿ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಸ್ವೇ ಬಾರ್ ಲಿಂಕ್, ಮೇಲಿನ ಬಾಲ್ ಜಾಯಿಂಟ್ ಬಿಚ್ಚಿದ್ರು. ಎಬಿಎಸ್ ವೈರ್ ಕ್ಲಿಪ್ಪು ತೆಗೀರಿ ಅಂತ ನಾನು ಹೇಳೋಕ್ ಮುಂಚೆನೇ ತೆಗೆದಿದ್ರು, ಹಳೇ ಕೈ. ಆಮೇಲೆ ಮೇಲಿನ ಮೂರು ನಟ್ಟು, ಕೆಳಗಿನ ಒಂದು ದೊಡ್ಡ ಬೋಲ್ಟು, ಸ್ಟ್ರಟ್ ಕೈಗೆ ಬಂತು.

ಸ್ಟ್ರಟ್ ತಲೆ ಯಾವ ಕಡೆ ತಿರುಗಿದೆ ಅಂತ ಚಾಕ್‌ಪೀಸಲ್ಲಿ ಗುರುತು ಹಾಕ್ಕೊಂಡ್ವಿ, ಇಲ್ಲಾಂದ್ರೆ ವಾಪಸ್ ಕೂರ್ಸುವಾಗ ಮೇಲಿನ ಬೋಲ್ಟು ಕೂತ್ರೆ ಕೆಳಗಿನ ತೂತು ಓರೆ. ಸ್ಪ್ರಿಂಗ್ ಕಂಪ್ರೆಸ್ ಮಾಡೋಕೆ ಮೇಸ್ತ್ರಿ ಹತ್ರ ಗೋಡೆಗೆ ಬಿಗಿದಿರೋ ಪ್ರೆಸ್ ಇದೆ, ಕೊಕ್ಕೆ ಥರದ ಅಗ್ಗದ ಕಂಪ್ರೆಸರಲ್ಲಿ ಲಿಫ್ಟ್ ಸ್ಪ್ರಿಂಗ್ ಹಿಡಿಯೋಕೆ ಹೋಗ್ಲೇಬೇಡಿ, ಜಾರಿದ್ರೆ ದವಡೆ ಉಳಿಯಲ್ಲ. ಮಧ್ಯದ ನಟ್ಟು ಬಿಚ್ಚುವಾಗ ಎಲ್ಲರೂ ಪಕ್ಕಕ್ಕೆ ನಿಂತ್ವಿ. ಹೊಸ ಸ್ಪ್ರಿಂಗ್ ಕೂರ್ಸುವಾಗ ಅದರ ಕೆಳಗಿನ ತುದಿ ತಟ್ಟೇಲಿರೋ ಮೆಟ್ಟಿಲಿಗೆ ತಾಗಿ ನಿಲ್ಬೇಕು, ಎಡಗಡೆದು ಅರ್ಧ ಬೆರಳು ದೂರ ನಿಂತಿತ್ತು, ಮೇಸ್ತ್ರಿ ಮತ್ತೆ ಪ್ರೆಸ್‌ಗೆ ಹಾಕಿ ತಿರುಗಿಸಿ ಕೂರ್ಸಿದ್ರು, ಹಂಗೇ ಬಿಟ್ಟಿದ್ರೆ ಓಡುವಾಗ ಅದೇ ತಿರುಗಿ ಕೂತು ಗಾಡಿ ಒಂದು ಕಡೆ ಕೆಳಗಾಗ್ತಿತ್ತು.

ಬಹಳ ಜನ ಬಿಡೋ ಒಂದು ಹೆಜ್ಜೆ: ಕೆಳಗಿನ ಆರ್ಮ್ ಬುಷ್ ಬೋಲ್ಟ್‌ಗಳನ್ನ ಜಾಕ್ ಮೇಲಿದ್ದಾಗ ಪೂರ್ತಿ ಬಿಗೀಬಾರ್ದು. ಚಕ್ರ ಹಾಕಿ, ನೆಲಕ್ಕಿಳಿಸಿ, ಹಿಂದೆ ಮುಂದೆ ಉರುಳಿಸಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಟಾರ್ಕ್ ಕೊಡ್ಬೇಕು. ನೇತಾಡುವಾಗಲೇ ಬಿಗಿದ್ರೆ ಬುಷ್ ರಬ್ಬರ್ ಸದಾ ತಿರುಚ್ಕೊಂಡೇ ಇರುತ್ತೆ, ಬೇಗ ಹರಿಯುತ್ತೆ, ಎತ್ತರದ ಅಳತೇನೂ ಸುಳ್ಳು ಬರುತ್ತೆ.

ಅಳತೆ ಮತ್ತು ಅಲೈನ್‌ಮೆಂಟ್

ಕೂರ್ಸಿದ ದಿನ ಮುಂದೆ 533 ಬಂತು. ಭಾವ ನೋಡಿ ಜಾಸ್ತಿ ಆಯ್ತಲ್ಲ ಅಂದ್ರು, ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತೆ ಇರಿ ಅಂದೆ. ತೋಟ, ಶಿರಾಡಿ, ಮಂಗಳೂರು ಅಂತ ಓಡಾಡಿದ ಮೇಲೆ ಈಗ 527ಕ್ಕೆ ನಿಂತಿದೆ, ಸಾಕು.

ಅಲೈನ್‌ಮೆಂಟ್ ಇಲ್ದೆ ಮಾತ್ರ ಓಡಾಡ್ಬೇಡಿ. ಗಾಡಿ ಎತ್ತಿದ ತಕ್ಷಣ ಟೋ, ಅಂದ್ರೆ ಮುಂದಿನ ಎರಡು ಚಕ್ರ ಒಂದಕ್ಕೊಂದು ನೇರ ಇರೋದು, ಹೋಗಿರುತ್ತೆ, ಟೈರ್ ಒಂದು ಅಂಚಲ್ಲಿ ತಿನ್ನೋಕೆ ಶುರು. ಅದು ಕಣ್ಣಿಗೆ ಕಾಣೋದು, ಕಾಣದೇ ಇರೋದು ಕ್ಯಾಸ್ಟರ್, ಅಂದ್ರೆ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ. ಅದು ಕಮ್ಮಿಯಾದ್ರೆ ತಿರುವಿಂದ ಹೊರಬಂದ ಮೇಲೆ ಸ್ಟೀರಿಂಗ್ ತಾನಾಗೇ ನೇರ ಆಗಲ್ಲ, ಹೈವೇಲಿ ಗಾಡಿ ಆಚೆ ಈಚೆ ಅಲೆಯುತ್ತೆ. ಅಲೈನ್‌ಮೆಂಟ್ ಹುಡುಗ ಟೋ ಮಾತ್ರ ಹಸಿರು ಮಾಡಿ ಆಯ್ತು ಸಾರ್ ಅಂದ, ಇಲ್ಲಪ್ಪ ಕ್ಯಾಮ್ ಬೋಲ್ಟ್ ತಿರುಗಿಸಿ ಎರಡೂ ಕಡೆ ಕ್ಯಾಸ್ಟರ್ ಸಮ ಮಾಡು, ಎಷ್ಟು ಜಾಸ್ತಿ ಸಿಗುತ್ತೋ ಅಷ್ಟು ಕೊಡು ಅಂತ ಪಕ್ಕದಲ್ಲೇ ನಿಂತು ಮಾಡಿಸ್ದೆ. 35 ಮಿಲಿಮೀಟರ್‌ಗೆ ಕಂಪನಿ ಬೋಲ್ಟ್‌ನಲ್ಲೇ ಸಿಕ್ತು. 50 ದಾಟಿದ್ರೆ ಬೇರೆ ಮೇಲಿನ ಆರ್ಮ್ ಬೇಕು, ಡಿಫರೆನ್ಷಿಯಲ್ ಕೆಳಗಿಳಿಸೋ ಬುಷ್ ಬೇಕು, ಖರ್ಚು ಬಾಲದ ಥರ ಬೆಳೀತಾ ಹೋಗುತ್ತೆ, ನನಗೆ ಬೇಡ.

ಓಡ್ಸೋಕೆ ಹೆಂಗಿದೆ ಅಂದ್ರೆ, ನಿಧಾನಕ್ಕೆ ಹೋಗುವಾಗ ಮೊದಲಿಗಿಂತ ಚೂರು ಬಿಗಿ, ಅದನ್ನ ಮುಚ್ಚಿಡಲ್ಲ. ಬ್ರೇಕ್ ಹೊಡೆದಾಗ ಮೂತಿ ಮುಗ್ಗರಿಸೋದು ಬಹಳ ಕಮ್ಮಿಯಾಗಿದೆ, ಅಡ್ಡ ಚರಂಡಿ ಭಾವನ ಗಾಡಿ ಹಿಂದೇನೇ ಅದೇ ವೇಗದಲ್ಲಿ ದಾಟಿದೆ, ಶಬ್ದ ಇಲ್ಲ.

ಇನ್ನು ಭಾವನ ಪ್ರಶ್ನೆ. ಅವರ ಗಾಡಿಗೆ ವಿಂಚ್ ಇಲ್ಲ, ಏನೂ ಇಲ್ಲ, ವಾರಕ್ಕೊಮ್ಮೆ ಸಂತೆ, ಮದುವೆ ಮುಂಜಿ. ಲಕ್ಷ ಸುರಿದು ಸ್ಪ್ರಿಂಗ್ ಹಾಕ್ಸೋ ಅಗತ್ಯ ನನಗಂತೂ ಕಾಣಲ್ಲ. ಸ್ಪೇಸರ್ರೇ ಇರ್ಲಿ, ಆದ್ರೆ ಅದೇ ಅಲ್ಯೂಮಿನಿಯಂನ ಮತ್ತೆ ಲೇತ್‌ಗೆ ಕೊಟ್ಟು 25ನ್ನ 12ಕ್ಕೆ ಇಳ್ಸಿ, 23ರಷ್ಟು ಎದ್ದಿರುತ್ತೆ, ಆರ್ಮ್ ತಾಗಲ್ಲ ಅಂದಿದೀನಿ. ಒಪ್ಪಿದಾರೆ, ಲೇತಿನವನಿಗೆ ಪುರುಸೊತ್ತು ಸಿಕ್ಕಿದ ಮೇಲೆ ಬಿಚ್ತೀವಿ. ಆವಾಗ ಮತ್ತೆ ಜಾಕ್ ಹಾಕಿ ಆರ್ಮ್‌ಗೂ ಸ್ಪ್ರಿಂಗ್‌ಗೂ ನಡುವೆ ಎಷ್ಟು ಜಾಗ ಸಿಕ್ತು ಅಂತ ಅಳೆದು ಹಾಕ್ತೀನಿ. ನನ್ನ ಗಾಡೀಲಿ ಬಾಕಿ ಇರೋದು ಹೆಡ್‌ಲೈಟ್, ಎಂಟು ಮೂಟೆ ಹೇರಿ ಕಣದ ಗೋಡೆ ಎದುರು ನಿಲ್ಸಿ ಕಿರಣ ಇಳಿಸ್ಬೇಕು.