ಅಜ್ಜನ ಪ್ರಸಂಗ ಪುಸ್ತಕ ಮತ್ತು 44 ಪಟ್ಟಿಗಳು

ನಮ್ಮ ಅಜ್ಜನ ಹತ್ತಿರ ಒಂದು ಯಕ್ಷಗಾನ ಪ್ರಸಂಗದ ಪುಸ್ತಕ ಇತ್ತು. ಕುಮಟಾದ ಮನೆಯ ಅಟ್ಟದಲ್ಲಿ, ತಾಳದ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಮುಖಪುಟ ಇಲ್ಲ, ಮೊದಲ ಎಂಟು ಪುಟವೂ ಇಲ್ಲ. ಯಾರು ಬರೆದದ್ದು, ಎಲ್ಲಿ ಅಚ್ಚಾದದ್ದು, ಏನೂ ಗೊತ್ತಿಲ್ಲ. ಒಂದು ಪುಟದ ಅಂಚಿನಲ್ಲಿ ಅಜ್ಜ ಪೆನ್ಸಿಲಿನಲ್ಲಿ 1915 ಅಂತ ಬರೆದಿದ್ದ, ಅಷ್ಟೇ. ಅದನ್ನು ನೋಡಿಯೇ ಅವನು ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿತನಂತೆ. ನಾನು ಬ್ಯಾಂಕಿನಿಂದ ರಿಟೈರ್ ಆಗಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸುಮ್ನೆ ಕೂತಿದ್ದೆ. ಇದರ ಜಾತಕ ಹುಡುಕೋಣ ಅಂತ ಹೊರಟೆ.

ಕುಮಟಾದ ಪುಸ್ತಕವನ್ನು ಮುಂಬೈಯಲ್ಲಿ ಹುಡುಕೋದಾ ಅಂತ ನಗಬೇಡಿ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಬಂತು. ಧಾರವಾಡ, ಬೆಳಗಾವಿಗಳು ಮೊದಲೇ ಇಲ್ಲಿದ್ದವು. 1956ರವರೆಗೂ ನಮ್ಮ ಕಡೆಯವರಿಗೆ ಸರ್ಕಾರ ಅಂದರೆ ಬಾಂಬೆಯೇ. ಹಾಗಾಗಿ ನಮ್ಮ ಎಷ್ಟೋ ಕಾಗದಪತ್ರ ಮುಂಬೈ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಸರ್ಕಾರದ ಪತ್ರಾಗಾರದಲ್ಲಿವೆ.

ಅಲ್ಲಿ ನಾನು ಮೊದಲು ಕಲಿತದ್ದು ತಪ್ಪು ಕಾಗುಣಿತ. ಹಳೇ ಇಂಗ್ಲಿಷ್ ಕಡತಗಳಲ್ಲಿ ನಮ್ಮೂರು 'ಕೂಂಪ್ಟಾ', ಧಾರವಾಡ 'ಧಾರ್ವಾರ್', ನಮ್ಮ ಭಾಷೆ 'ಕೆನರೀಸ್'. ಈ ವೇಷಗಳು ಗೊತ್ತಿಲ್ಲದಿದ್ದರೆ ಊರು ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಪುಸ್ತಕ ಹುಡುಕುವವರಿಗೆ ನಿಜವಾದ ನಿಧಿ ಬೇರೆ ಇದೆ. 1867ರಲ್ಲಿ ಒಂದು ಕಾಯಿದೆ ಬಂತು. ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಗಳನ್ನು ಸರ್ಕಾರಕ್ಕೆ ಕೊಟ್ಟು ನೋಂದಾಯಿಸಬೇಕು. ಆ ವಿವರಗಳು ಮೂರು ತಿಂಗಳಿಗೊಮ್ಮೆ ಸರ್ಕಾರಿ ಗೆಜೆಟ್ಟಿನಲ್ಲಿ ಪಟ್ಟಿಯಾಗಿ ಬರುತ್ತಿದ್ದವು. ಹೆಸರು, ಭಾಷೆ, ಬರೆದವರು, ಅಚ್ಚು ಹಾಕಿದವರು, ಪುಟ ಎಷ್ಟು, ಪ್ರತಿ ಎಷ್ಟು, ಎಷ್ಟನೇ ಮುದ್ರಣ, ಕಲ್ಲಚ್ಚೋ ಮೊಳೆಯಚ್ಚೋ, ಬೆಲೆ ಏನು, ಎಲ್ಲಾ. ಈಗಿನ ಪ್ರಕಾಶಕರು ಎಷ್ಟು ಪ್ರತಿ ಹಾಕಿದರು ಅಂತ ಬಾಯಿಬಿಡುವುದಿಲ್ಲ, ಅಲ್ವಾ? ಆಗ ಅದನ್ನೂ ಬರೆದುಕೊಡಬೇಕಿತ್ತು. ಯಾವ ವಿಮರ್ಶಕನೂ ನೆನೆಯದ ಎರಡಾಣೆಯ ಹಾಡಿನ ಪುಸ್ತಕವೂ ಇಲ್ಲಿ ತನ್ನ ಸಾಲಿನಲ್ಲಿ ಕೂತಿರುತ್ತದೆ.

1905ರಿಂದ 1915ರವರೆಗೆ ನೋಡೋಣ ಅಂದುಕೊಂಡೆ. ವರ್ಷಕ್ಕೆ ನಾಲ್ಕು, ಒಟ್ಟು 44 ಪಟ್ಟಿ. ಡೊಂಬಿವಲಿ ಫಾಸ್ಟ್ ಲೋಕಲ್ಲಿನಲ್ಲಿ ನೇತಾಡಿಕೊಂಡು ಆರು ಮಂಗಳವಾರ ಹೋದೆ. ಆರರಲ್ಲಿ ಎರಡು ದಿನ ದಾರಿ ತಪ್ಪಿದ್ದು ನಿಜ. ಪಟ್ಟಿ ಬಿಟ್ಟು ಪತ್ರಿಕೆಗಳ ವಾರದ ವರದಿ ಓದುತ್ತಾ ಕೂತೆ. ಸರ್ಕಾರದ ಓರಿಯೆಂಟಲ್ ಟ್ರಾನ್ಸ್‌ಲೇಟರ್ ಕಚೇರಿಯವರು ಕನ್ನಡ, ಮರಾಠಿ, ಗುಜರಾತಿ ಪತ್ರಿಕೆಗಳನ್ನು ಓದಿ ಇಂಗ್ಲಿಷಿನಲ್ಲಿ ಸಾರಾಂಶ ಮಾಡುತ್ತಿದ್ದರು. ಮೂಲ ಸಂಚಿಕೆ ಕಳೆದುಹೋದ ಕಡೆ ಈ ಸಾರಾಂಶವೇ ಗತಿ. ಆದರೆ ಅದನ್ನು ಪತ್ರಿಕೆ ಅಂತಲೇ ನಂಬಬೇಡಿ. ಸರ್ಕಾರಕ್ಕೆ ಬೇಕಾದದ್ದು ದೂರು ಮಾತ್ರ. ತೆರಿಗೆಯ ಗೋಳು, ಕಾಡಿನ ಕಟ್ಟುಪಾಡಿನ ಗೋಳು ಸಿಗುತ್ತದೆ. ಪಕ್ಕದ ಅಂಕಣದ ಪದ್ಯ ಸಿಗುವುದಿಲ್ಲ.

44 ಪಟ್ಟಿ ಮುಗಿದವು. ಅಜ್ಜನ ಪ್ರಸಂಗ ಇಲ್ಲ.

ಪಕ್ಕದ ಮೇಜಿನಲ್ಲಿ ವಯಸ್ಸಾದ ಮರಾಠಿ ಸಂಶೋಧಕರೊಬ್ಬರು ಮರಾಠಿಯ ಹಳೇ ಲಿಪಿಯಾದ ಮೋಡಿಯಲ್ಲಿ ಬರೆದ ಕಾಗದ ಓದುತ್ತಿದ್ದರು. ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒಂದೇ ಮಾತು ಕೇಳಿದರು. "ಛಪಾಈ ಕುಠೇ ಝಾಲೀ?" ಅಚ್ಚಾದದ್ದು ಎಲ್ಲಿ?

ಕುಮಟಾದ ಮನೆಯಲ್ಲಿ ಸಿಕ್ಕಿದ್ದು ಅಂದೆ. ಅದಲ್ಲ ಪ್ರಶ್ನೆ ಅಂದರು.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಅವನು ನನಗೆ ಕಳಿಸಿದ್ದು ಹಾಡು ಇರುವ ಪುಟಗಳ ಫೋಟೊ ಮಾತ್ರ.

"ಕಡೇ ಹಾಳೆ ಇದ್ಯಾ ನೋಡೊ."

"ಹಿಂದಿನ ರಟ್ಟಿಗೆ ಅಂಟ್ಕೊಂಡಿದೆ ಅಣ್ಣ. ಬಿಡಿಸಲಾ?"

"ಎಳೀಬೇಡ! ಟಾರ್ಚ್ ಹಿಡಿದು ಓದು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಿಧಾನಕ್ಕೆ ಓದಿದ. ಬೇರೆ ಪ್ರಸಂಗಗಳ ಜಾಹೀರಾತು, ಆಣೆಯಲ್ಲಿ ಬೆಲೆ, ಅಂಗಡಿಯ ಹೆಸರು ಹುಳ ತಿಂದಿದೆ, ಕೆಳಗೆ 'ಉಡುಪಿ'.

ಉಡುಪಿ ಆಗ ದಕ್ಷಿಣ ಕನ್ನಡದಲ್ಲಿ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿ. ಅಲ್ಲೇ ಅಚ್ಚಾಗಿದ್ದರೆ ನೋಂದಣಿಯೂ ಮದ್ರಾಸಿನಲ್ಲೇ. ಮೇಳದವರಿಗೆ ಪ್ರಾಂತ್ಯದ ಗಡಿ ಯಾವ ಲೆಕ್ಕ? ಪುಸ್ತಕ ಆರಾಮಾಗಿ ಕುಮಟಾಕ್ಕೆ ಬಂದಿದೆ. ನಾನು ಮಾತ್ರ ಗಡಿಯ ಈಚೆ ಕೂತು ಆರು ಮಂಗಳವಾರ ಹುಡುಕಿದ್ದೇನೆ.

"ಹಂಗಾರೆ ಇನ್ನು ಮದ್ರಾಸಾ?" ಅಂತ ತಮ್ಮ ನಕ್ಕ. ತಮಿಳುನಾಡು ಪತ್ರಾಗಾರ ಇರುವುದು ಎಗ್ಮೋರಿನಲ್ಲಿ. ರೈಲು ನೋಡ್ತಾ ಇದ್ದೇನೆ. ಡೈರಿಯಲ್ಲಿ ಈ ಸಲದ ಕಾಗುಣಿತ ಬರೆದುಕೊಂಡಾಗಿದೆ: 'ಉಡಿಪಿ'.