ಮದ್ದುಸೊಪ್ಪಿನ ಬಣ್ಣದ ನೈಲ್ ಪಾಲಿಶ್

ಬಾಟಲಿಯಲ್ಲಿ ನೋಡಿದರೆ ಇದು ಕಪ್ಪೇ. ಒಂದು ಕೋಟ್ ಹಚ್ಚಿದರೆ ಸ್ವಲ್ಪ ಕೆಂಪು ಹೊಡೆಯುತ್ತದೆ, ಎರಡನೇ ಕೋಟ್ ಬಿದ್ದ ಮೇಲೆ ಥೇಟ್ ನಮ್ಮ ಕೊಡಗಿನ ಮನೆಗಳಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದ್ರೆ ಆಗಸ್ಟ್ 3ಕ್ಕೆ, ಕುದಿಸುವ ಔಷಧಿ ಸೊಪ್ಪು ಮದ್ದುಸೊಪ್ಪಿನ ರಸದ ಬಣ್ಣ. ಕಡು ನೇರಳೆ. ತಗೊಂಡಿದ್ದು ಅದಕ್ಕೇ, ವೀಗನ್, ಅಂದ್ರೆ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ, ಅಂತ ಬರೆದಿದೆ ಅಂತಲ್ಲ.

ಲೇಬಲ್ ಓದಿ ನಮ್ಮ ಅತ್ತೆ ನಕ್ಕಿದ್ದೇ ನಕ್ಕಿದ್ದು. "ಹಂದಿಮಾಂಸದ ಪಂದಿಕರಿ ತಿನ್ನೋಳಿಗೆ ಉಗುರಿಗೆ ಮಾತ್ರ ಸಸ್ಯಾಹಾರನಾ?" ಪ್ರಶ್ನೆ ಸರಿಯಾಗೇ ಇದೆ. ಪಂದಿಕರಿ ಬಿಡುವ ಯೋಚನೆ ನನಗಂತೂ ಇಲ್ಲ. ಆದರೆ ಉಗುರಿನ ಬಣ್ಣಕ್ಕೆ ಹುಳ ಅರೆಯಬೇಕಾ ಅಂತ ಕೇಳಿದರೆ, ಬೇಡಪ್ಪ.

ಹೌದು, ಹುಳವೇ. ಕಳ್ಳಿ ಗಿಡದ ಮೇಲೆ ಬದುಕುವ ಕೊಚಿನಿಯಲ್ ಹುಳವನ್ನು ಒಣಗಿಸಿ ಪುಡಿ ಮಾಡಿ ತೆಗೆಯುವ ಕೆಂಪು ಬಣ್ಣದ ಹೆಸರು ಕಾರ್ಮೈನ್. ಲೇಬಲ್‌ನಲ್ಲಿ ಹೆಸರಿನ ಬದಲು ಬಣ್ಣದ ನಂಬರು, ಸಿಐ 75470 ಅಂತ ಅಷ್ಟೇ ಇರಬಹುದು. ಮುತ್ತಿನ ಹೊಳಪು ಇರುವ ಪಾಲಿಶ್ ಆದರೆ 75170 ಇದೆಯಾ ಅಂತಲೂ ನೋಡಿ, ಅದು ಮೀನಿನ ಹುರುಪೆಯಿಂದ ಬರುವ ಗ್ವಾನಿನ್. ಇವೆರಡೂ ಇಲ್ಲದಿದ್ದರೆ ವೀಗನ್ ಅನ್ನೋ ಮಾತನ್ನು ಸ್ವಲ್ಪ ನಂಬಬಹುದು. ಪಕ್ಕದಲ್ಲಿರುವ ಮೊಲದ ಚಿತ್ರದ ಕಥೆಯೇ ಬೇರೆ. ಅದು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ ಅನ್ನೋದಕ್ಕೆ, ಒಳಗೆ ಏನು ಹಾಕಿದ್ದಾರೆ ಅನ್ನೋದಕ್ಕಲ್ಲ. ಮೊಲದ ಚಿತ್ರ ಇರುವ ಬಾಟಲಿಯಲ್ಲೇ ಹುಳದ ಬಣ್ಣವೂ ಇರಬಹುದು! ನಮ್ಮ ದೇಶದಲ್ಲಂತೂ ಅಂಥ ಪರೀಕ್ಷೆಯನ್ನು 2014ರಲ್ಲೇ ನಿಷೇಧಿಸಿದ್ದಾರೆ, ಹಾಗೆ ಪರೀಕ್ಷೆ ಮಾಡಿದ ಮಾಲು ಹೊರಗಿನಿಂದ ತರಿಸುವುದನ್ನೂ ಅದೇ ವರ್ಷ ನಿಲ್ಲಿಸಿದರು. ಹಾಗಾಗಿ ಮೊಲಕ್ಕಿಂತ ನನಗೆ ಆ ನಂಬರುಗಳೇ ಮುಖ್ಯ.

ವೀಗನ್ ಅಂದ ತಕ್ಷಣ ಸೊಪ್ಪು ಹಿಂಡಿ ಮಾಡಿದ್ದು ಅಂದುಕೊಳ್ಳಬೇಡಿ. ಮದ್ದುಸೊಪ್ಪಿನ ಬಣ್ಣ ನೀರಿಗೆ ಬಿಡುತ್ತದೆ, ಪಾಲಿಶ್‌ನಲ್ಲಿರುವುದು ನೈಟ್ರೋಸೆಲ್ಯುಲೋಸ್, ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಅನ್ನೋ ರಾಸಾಯನಿಕಗಳು. ನೇರಳೆ ಪುಡಿಯೂ ಫ್ಯಾಕ್ಟರಿಯದೇ. ವಾಸನೆಯೂ ಬೇರೆ ಪಾಲಿಶ್‌ನಷ್ಟೇ ಜೋರು.

ಮಡಿಕೇರಿ ಮಳೆಯಲ್ಲಿ ಹಚ್ಚೋರಿಗೆ ಒಂದು ಮಾತು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂರುತ್ತದೆ, ಆಗ ಹೊಳಪು ಹೋಗಿ ಬೂದು ಮುಸುಕು ಹಾಕಿದ ಹಾಗೆ ಕಾಣುತ್ತದೆ. ಗಾಢ ಬಣ್ಣದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ತೆಳುವಾಗಿ ಹಚ್ಚಿ, ಒಂದು ಪದರ ಆರಿದ ಮೇಲೆ ಇನ್ನೊಂದು. ಬಟ್ಟೆ ಒಣಗಿಸಿದ ಹಾಗೆ ಒಲೆ ಹತ್ತಿರ ಕೈ ಹಿಡಿಯಬೇಡಿ ಮಾರಾಯ್ರೆ, ಅದು ಬೆಂಕಿ ಹತ್ತಿಕೊಳ್ಳುವ ವಸ್ತು. ಕೆಳಗೆ ಬೇಸ್ ಕೋಟ್ ಇರಲಿ, ಇಲ್ಲದಿದ್ದರೆ ತೆಗೆದ ಮೇಲೂ ಉಗುರಿನಲ್ಲಿ ಕಲೆ ಉಳಿಯುತ್ತದೆ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಸೀರೆ ಜೊತೆ ಚೆನ್ನಾಗಿರುತ್ತದೆ. ರೋಬಸ್ಟಾ ಕಾಫಿ ಕೊಯ್ಲು ಶುರುವಾದ ಮೇಲೆ ಮಾತ್ರ ಹಚ್ಚೋ ತಂಟೆಗೆ ಹೋಗಬೇಡಿ, ತುದಿಯೆಲ್ಲ ಕಿತ್ತು ಬರುತ್ತದೆ.